ಚುಕ್ಕೆಗಳ ಸಾಕ್ಷ್ಯ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಅಕ್ಕಿಆಲೂರು ತನ್ನ ಹೆಸರಿನಲ್ಲಿಯೇ ಅಕ್ಕಿಯನ್ನು ಹೊತ್ತ ಊರು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಈ ಭಾಗದಲ್ಲಿ ಭತ್ತವನ್ನು ನಾಟಿ ಮಾಡದೆ, ಮಳೆಯನ್ನೇ ನಂಬಿ ಕೂರಿಗೆಯಿಂದ ಬಿತ್ತುವ ರೂಢಿಯುಂಟು. ಮಳೆ ಚೆನ್ನಾದರೆ ಬೆಳೆ ಚೆನ್ನು ಎಂಬುದನ್ನು ಇಲ್ಲಿಯ ಏಳನೆಯ ತರಗತಿಯ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇವೆರಡರ ನಂಟು ಬಿಗಿಯಾದುದೋ ಸಡಿಲವಾದುದೋ ಎಂದು ಕೇಳಿದರೆ ಅವನೇನು, ಅವನ ಅಜ್ಜನೂ ಯೋಚಿಸಬೇಕಾಗುವುದು. ಇಂತಹ ಪ್ರಶ್ನೆಗೆ ಕಣ್ಣಿಗೆ ಕಾಣುವಂತೆ ಉತ್ತರ ಕೊಡುವ ಸಾಧನವೇ ಚದುರು ನಕ್ಷೆ.

ಇದನ್ನು ಕಿರಿಯರಿಗೆ ಕಲಿಸುವಾಗ ಮಳೆಗಿಂತ ಮೊದಲು ಅವರ ಮೈಯಳತೆಯಿಂದಲೇ ತೊಡಗುವುದು ಮೇಲು. ಪ್ರತಿಯೊಬ್ಬರ ಎತ್ತರವನ್ನೂ, ಎರಡು ಕೈಗಳನ್ನು ಅಗಲಿಸಿ ನಿಂತಾಗ ಬೆರಳತುದಿಯಿಂದ ಬೆರಳತುದಿಯವರೆಗಿನ ಉದ್ದವನ್ನೂ ಟೇಪಿನಿಂದ ಅಳೆಯಿರಿ. ಎತ್ತರವನ್ನು ಅಡ್ಡಗೆರೆಯ ಮೇಲೆ, ತೋಳಿನ ಹರವನ್ನು ನಿಲುಗೆರೆಯ ಮೇಲೆ ಎಣಿಸಿ, ಅವೆರಡೂ ಸಂಧಿಸುವೆಡೆ ಒಂದು ಚುಕ್ಕೆಯಿಡಿ. ಮಕ್ಕಳು ಮುಗ್ಗರಿಸುವುದು ಇಲ್ಲಿಯೇ: ಅಳತೆಗಳು ಎರಡಾದುದರಿಂದ ಎರಡು ಚುಕ್ಕೆ ಇಡಲು ಹೊರಡುವರು, ಇಟ್ಟ ಮೇಲೆ ಚುಕ್ಕೆಯಿಂದ ಚುಕ್ಕೆಗೆ ಗೆರೆಯೆಳೆದು ರಂಗೋಲಿ ಮಾಡುವರು. ಒಬ್ಬನಿಗೆ ಒಂದೇ ಚುಕ್ಕೆ. ಕೂಡಿಸುವ ಗೆರೆ ಬೇಡವೇ ಬೇಡ. ನಲವತ್ತು ಮಕ್ಕಳ ನಲವತ್ತು ಚುಕ್ಕೆಗಳು ಎಡಗೆಳಗಿನಿಂದ ಬಲಮೇಲಕ್ಕೆ ಒಂದು ಸಪೂರ ಪಟ್ಟಿಯಂತೆ ಏರುವುದನ್ನು ನೋಡಿದಾಗ ತರಗತಿಗೆ ತಾನಾಗಿಯೇ ವಿಷಯ ತಿಳಿಯುವುದು.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಎತ್ತರವನ್ನು ಅವರ 928 ಮಕ್ಕಳ ಎತ್ತರದೊಡನೆ ಹೋಲಿಸಿದುದು ಇಂತಹ ಅಳತೆಯಿಂದಲೇ. ಈ ಹೊಂದಿಕೆಯನ್ನು ಒಂದು ಸಂಖ್ಯೆಯಲ್ಲಿ ಹೇಳುವ ಸೂತ್ರವನ್ನು ಬಳಿಕ ಕಾರ್ಲ್ ಪಿಯರ್ಸನ್ ರೂಪಿಸಿದನು. ಅದೇ ಸಹಸಂಬಂಧ ಗುಣಾಂಕ. ಚುಕ್ಕೆಗಳೆಲ್ಲ ಏರುವ ಒಂದೇ ನೇರಗೆರೆಯ ಮೇಲಿದ್ದರೆ ಅದು +1, ಇಳಿಯುವ ನೇರಗೆರೆಯ ಮೇಲಿದ್ದರೆ -1. ಕಾಳು ಚೆಲ್ಲಿದಂತೆ ಎಲ್ಲೆಡೆಗೂ ಹರಡಿದ್ದರೆ ಸೊನ್ನೆಯ ಆಸುಪಾಸು.

ಸೊನ್ನೆ ಬಂದಿತೆಂದು ನಂಟೇ ಇಲ್ಲವೆನ್ನಬಹುದೇ? ಹಾನಗಲ್ಲ ಸೀಮೆಯ ಇನ್ನೊಂದು ಬೆಳೆಯಾದ ಗೋವಿನಜೋಳವನ್ನು ನೋಡಿ. ನೀರು ಸಾಲದಿದ್ದರೆ ತೆನೆ ಕಾಳುಗಟ್ಟದು. ನೀರು ನಿಂತರೆ ಬೇರು ಉಸಿರುಗಟ್ಟಿ ಗಿಡ ಹಳದಿಯಾಗುವುದು. ಹಲವು ವರ್ಷಗಳ ಮಳೆ ಮತ್ತು ಇಳುವರಿಗಳನ್ನು ಚುಕ್ಕೆಯಿಟ್ಟರೆ ಅವು ಗುಡ್ಡದಂತೆ ಏರಿ ಇಳಿಯುವ ಸಂಭವವುಂಟು. ಆಗ ಏರಿಕೆಯೂ ಇಳಿಕೆಯೂ ಒಂದನ್ನೊಂದು ತಿಂದುಹಾಕಿ ಗುಣಾಂಕ ಸೊನ್ನೆಯ ಬಳಿ ನಿಲ್ಲುವುದು. ನಂಟು ಮಾತ್ರ ಗಟ್ಟಿಯಾಗಿಯೇ ಇರುವುದು! ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಸಿ ನಕ್ಷೆಯನ್ನು ಆಮೇಲೆ ತೋರಿಸುವ ಪಾಠಕ್ರಮ ನನಗೆ ಹಿಡಿಸದಿರುವುದು ಇದರಿಂದಲೇ.

ಇದರ ತಿರುವುಮುರುವೂ ಉಂಟು. ಒಂದನೆಯ ತರಗತಿಯಿಂದ ಏಳನೆಯದರವರೆಗೆ ಎಲ್ಲ ಮಕ್ಕಳ ಪಾದದ ಉದ್ದವನ್ನೂ, ಅವರಿಗೆ ಬರುವ ಮಗ್ಗಿಗಳ ಸಂಖ್ಯೆಯನ್ನೂ ಗುರುತಿಸಿದರೆ ಚುಕ್ಕೆಗಳು ಚೆನ್ನಾಗಿಯೇ ಏರುವುವು. ಪಾದ ಬೆಳೆದುದರಿಂದ ಮಗ್ಗಿ ಬಂದಿತೇ? ಪಾದವನ್ನೂ ಮಗ್ಗಿಯನ್ನೂ ಒಟ್ಟಿಗೆ ಬೆಳೆಸಿದುದು ವಯಸ್ಸು.

ಈ ತೊಡಕುಗಳು ಶಾಲೆಯ ಕೋಣೆಯೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಬಿತ್ತುವ ರೈತನಿಗೆ ಮುಂಗಾರಿನ ಮುನ್ಸೂಚನೆ ಬಂದಿರುವುದೂ ಇದೇ ದಾರಿಯಿಂದ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತಜ್ಞ. ದೂರದ ನಾಡುಗಳ ವಾಯುಭಾರ, ಉಷ್ಣತೆ, ಮಳೆಗಳನ್ನು ನಮ್ಮ ಮುಂಗಾರಿನೊಡನೆ ಜೋಡಿಸಿ ಅವನು ನೂರಾರು ಗುಣಾಂಕಗಳನ್ನು ಎಣಿಸಿಸಿದನು. ನೂರಾರನ್ನು ಎಣಿಸಿದಾಗ ಕೆಲವು ಕೇವಲ ಆಕಸ್ಮಿಕವಾಗಿ ದೊಡ್ಡದಾಗಿ ತೋರುವುದು ಸಹಜವೆಂದು 1914ರಲ್ಲಿ ಎಚ್ಚರಿಸಿದವನೂ ಅವನೇ. ಶಾಂತಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ ತೂಗಾಟವನ್ನು ಅವನು ಕಂಡುದು ಈ ಎಣಿಕೆಯಿಂದ. ಪೆರು ದೇಶದತ್ತಣ ಕಡಲು ಬಿಸಿಯಾಗುವ ಎಲ್ ನಿನೋ ಇದಕ್ಕೆ ಸೇರಿದುದೆಂದು ಯಾಕೋಬ್ ಬ್ಯರ್ಕ್‌ನೆಸ್ 1969ರಲ್ಲಿ ವಿವರಿಸಿದನು.

ಆ ಕಡಲಿನ ಬಿಸಿಯನ್ನು ಅಡ್ಡಗೆರೆಯ ಮೇಲೂ ಭಾರತದ ಮುಂಗಾರು ಮಳೆಯನ್ನು ನಿಲುಗೆರೆಯ ಮೇಲೂ ಇಟ್ಟರೆ ವರ್ಷಗಳ ಚುಕ್ಕೆಗಳು ಒಟ್ಟಿನಲ್ಲಿ ಕೆಳಕ್ಕಿಳಿಯುವುವು: ಕಡಲು ಬಿಸಿಯಾದಷ್ಟೂ ಮಳೆ ಕುಗ್ಗುವುದು. ಆದರೆ 1997ರ ಚುಕ್ಕೆಯನ್ನು ಹುಡುಕಿರಿ. 20ನೆಯ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲೊಂದು ಆ ವರ್ಷದ್ದು; ಮಳೆಯೋ ಸರಾಸರಿಯ ನೂರಕ್ಕೆ 102ರಷ್ಟು. ಆ ಚುಕ್ಕೆ ಗುಂಪನ್ನು ಬಿಟ್ಟು ಒಂಟಿಯಾಗಿ ಮೇಲೆ ನಿಂತಿದೆ. 2002ರಲ್ಲಿ ಎಲ್ ನಿನೋ ಅಷ್ಟು ಪ್ರಬಲವಾಗಿರಲಿಲ್ಲ. ಇಲಾಖೆಯ 16 ಅಂಶಗಳ ಸೂತ್ರವೂ ವಾಡಿಕೆಯ ಮಳೆಯನ್ನೇ ಹೇಳಿತ್ತು. ಜುಲೈ ತಿಂಗಳಲ್ಲಿ ದೇಶಕ್ಕೆ ಬಂದುದು ವಾಡಿಕೆಯ ಅರ್ಧದಷ್ಟು ಮಾತ್ರ. ಇಡೀ ಮುಂಗಾರು ನೂರಕ್ಕೆ 81ಕ್ಕೆ ನಿಂತು ಬರಗಾಲವಾಯಿತು. ಮರುವರ್ಷ ಇಲಾಖೆ ಆ ಸೂತ್ರವನ್ನು ಕೈಬಿಟ್ಟಿತು.

ಇವೆಲ್ಲ ಇಡೀ ದೇಶದ ಅಂಕಿಗಳು. ಹಾನಗಲ್ಲ ತಾಲೂಕಿನ ಮಳೆಯ ಅಂಕಿಗಳನ್ನು ದೊರಕಿಸಿಕೊಂಡು, ದೇಶದ ಮಳೆಯನ್ನು ಅಡ್ಡಗೆರೆಯ ಮೇಲೂ ತಾಲೂಕಿನ ಮಳೆಯನ್ನು ನಿಲುಗೆರೆಯ ಮೇಲೂ ಇಟ್ಟು, ವರ್ಷಕ್ಕೊಂದರಂತೆ ಚುಕ್ಕೆಯಿಡಿ. ಪಟ್ಟಿ ಸಪೂರವಾಗಿ ಬಂದರೆ ದೇಶದ ಮುನ್ಸೂಚನೆ ಅಕ್ಕಿಆಲೂರಿನ ಕೂರಿಗೆಗೂ ಕೆಲಸಕ್ಕೆ ಬರುವುದು. ಚೆಲ್ಲಾಪಿಲ್ಲಿಯಾಗಿ ಬಂದರೆ ಅದನ್ನು ಕೇಳಿಯೂ ರೈತ ತನ್ನ ಮುಗಿಲನ್ನೇ ನೋಡಬೇಕಾಗುವುದು.