ಮದುಮಗಳ ಕೈಗೆ ಕಪ್ಪು ಮೆಹಂದಿ ಬೇಡ

ನಿಕಾಹ್‌ಗೆ ಮೆಹಂದಿ ಹಚ್ಚುವವರನ್ನು ಕರೆಸುವಾಗ ದರ ಮಾತ್ರವಲ್ಲ, ಕೋನ್‌ನಲ್ಲಿ ಏನಿದೆ ಎಂದೂ ಕೇಳಿರಿ. ಅಸಲಿ ಮದರಂಗಿ ಕಪ್ಪು ಬಣ್ಣ ಕೊಡುವುದಿಲ್ಲ. ಮೊದಲು ಕಿತ್ತಳೆ, ಒಂದೆರಡು ದಿನದಲ್ಲಿ ಕಂದುಗೆಂಪು. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಾಗುವ ಕೋನ್‌ಗಳಲ್ಲಿ ಹೆಚ್ಚಾಗಿ ಕೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಇದು ಕೆಲವರಿಗೆ ತುರಿಕೆ, ಬೊಬ್ಬೆ ಎಬ್ಬಿಸುತ್ತದೆ; ಕೆಲವೊಮ್ಮೆ ಹಲವು ದಿನಗಳ ನಂತರ. ಒಮ್ಮೆ ಅಲರ್ಜಿಯಾದರೆ ಮುಂದೆ ಕೂದಲಿಗೆ ಡೈ ಹಚ್ಚುವುದೂ ಅಪಾಯ.

ಪದಾರ್ಥಗಳ ಪಟ್ಟಿ ಇಲ್ಲದ ಕೋನ್ ಕೊಳ್ಳಬೇಡಿರಿ. ಮನೆಯಲ್ಲೇ ಎಲೆ ಅರೆಯಿರಿ, ಅಥವಾ ಶುದ್ಧ ಪುಡಿಗೆ ನಿಂಬೆರಸ ಹಾಕಿ ಕಲಸಿರಿ. ಬೊಬ್ಬೆ ಎದ್ದರೆ ಚರ್ಮದ ವೈದ್ಯರಿಗೆ ತೋರಿಸಿರಿ. ಈ ದೇಹ ಅಲ್ಲಾಹನ ಅಮಾನತ್. ಅಲಂಕಾರ ಮಾಡೋಣ, ಅಮಾನತ್‌ಗೆ ಹಾನಿ ಮಾಡದಿರೋಣ.