ಲ್ಯಾಪ್‌ಟಾಪ್: ಗುಜರಿಗೆ ಮುನ್ನ ಸ್ಕ್ರೂಡ್ರೈವರ್

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಎಂಬ ಘಟಕವಿದೆ. 2005ರಲ್ಲಿ ಕೆಲಸ ಶುರುಮಾಡಿದ ಇದು ಸರ್ಕಾರದ ಪರವಾನಗಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ, ಪುಡಿಮಾಡಿ, ಅವುಗಳಲ್ಲಿನ ಲೋಹಗಳನ್ನು ಬೇರ್ಪಡಿಸುವುದು ಇಲ್ಲಿನ ಕೆಲಸ. ತಾಮ್ರ, ಚಿನ್ನವೇನೋ ಮರಳಿ ಸಿಗುತ್ತವೆ. ಆದರೆ ಅತಿ ಶುದ್ಧ ಸಿಲಿಕಾನ್, ಅಪಾರ ನೀರು, ವಿದ್ಯುತ್ ಹಾಗೂ ನೂರಾರು ಹಂತಗಳ ಕೆಲಸ ಸೇರಿ ತಯಾರಾದ ಚಿಪ್ ಒಮ್ಮೆ ಪುಡಿಯಾದರೆ ಮತ್ತೆ ಚಿಪ್ ಆಗುವುದಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಅಲ್ಲಿಗೆ ಎಷ್ಟು ತಡವಾಗಿ ಹೋದರೆ ಅಷ್ಟು ಒಳ್ಳೆಯದು.

2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ.

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು, ಕುಣಿಗಲ್‌ನ ಪದವಿ ಕಾಲೇಜು, ಎಲ್ಲಿ ಓದುವವರಿಗೂ ಲ್ಯಾಪ್‌ಟಾಪ್ ಈಗ ನೋಟ್‌ಬುಕ್ಕಿನಷ್ಟೇ ಅಗತ್ಯ. ಮೂರು ವರ್ಷ ಕಳೆಯುವಷ್ಟರಲ್ಲಿ ‘ಹ್ಯಾಂಗ್ ಆಗ್ತಿದೆ’ ಎಂಬ ದೂರು ಶುರು. ಮುಚ್ಚಳ ತೆಗೆದರೆ ಕಾರಣ ಅಲ್ಲೇ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿಯ ಜಾಗಕ್ಕೆ ಅದರ ತೋಳು ಸರಿಯುವಷ್ಟರಲ್ಲಿ ಹಲವು ಮಿಲಿಸೆಕೆಂಡು ಕಳೆದಿರುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಆ ಕಾಯುವಿಕೆ ಇಲ್ಲ. ರ‍್ಯಾಮ್ ಸಾಲದಿದ್ದಾಗ ಕಂಪ್ಯೂಟರ್ ಡಿಸ್ಕನ್ನೇ ನೆನಪಿನಂತೆ ಬಳಸಲು ಹೋಗಿ ಇನ್ನಷ್ಟು ತೆವಳುತ್ತದೆ. ಫ್ಯಾನಿನಲ್ಲಿ ದೂಳು ಕಟ್ಟಿ, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿದ್ದರಂತೂ ಬಿಸಿ ತಡೆಯಲಾರದೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇವೆಲ್ಲ ರಿಪೇರಿ ಅಂಗಡಿಯಲ್ಲಿ ಒಂದೇ ದಿನದಲ್ಲಿ ಸರಿಹೋಗುವ ಕೆಲಸ.

ತೊಡಕಿರುವುದು ಹೊಸ ಮಾದರಿಗಳಲ್ಲಿ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇದಕ್ಕೆ ತಾಂತ್ರಿಕ ಕಾರಣವೂ ಇದೆ: ಕಡಿಮೆ ವಿದ್ಯುತ್ತಿನಲ್ಲಿ ಅತಿ ವೇಗವಾಗಿ ಓಡುವ ಸಂಕೇತಗಳಿಗೆ ದಾರಿ ಚಿಕ್ಕದಿರಬೇಕು, ಹಳೆಯ ಬಗೆಯ ಸ್ಲಾಟ್ ಆ ದಾರಿಯನ್ನು ಉದ್ದ ಮಾಡುತ್ತದೆ. ಇದಕ್ಕೂ ಪರಿಹಾರ ಬಂದಿದೆ. ಎಲ್‌ಪಿಕ್ಯಾಮ್2 ಎಂಬ ಹೊಸ ರ‍್ಯಾಮನ್ನು ಬೋರ್ಡಿನ ಮೇಲಿಟ್ಟು ಸ್ಕ್ರೂ ಬಿಗಿದರೆ ಸಾಕು. 2024ರಲ್ಲಿ ಲೆನೊವೊ ತನ್ನ ಥಿಂಕ್‌ಪ್ಯಾಡ್ ಪಿ1ರಲ್ಲಿ ಇದನ್ನು ಅಳವಡಿಸಿತು. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ಮಾರುತ್ತಿರುವ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ, ಪರದೆ, ಕೀಬೋರ್ಡ್ ಅಷ್ಟೇ ಅಲ್ಲ, ಮುಖ್ಯ ಬೋರ್ಡನ್ನೂ ಬಳಕೆದಾರರೇ ಬದಲಿಸಬಹುದು.

ತುಮಕೂರಿನವರಿಗೆ ಇದು ಹೊಸ ಪಾಠವೇನಲ್ಲ. ಇಲ್ಲಿನ ಎಚ್‌ಎಂಟಿ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಕೀಲಿ ಕೊಡುವ ಎಚ್‌ಎಂಟಿ ವಾಚುಗಳು ಎಷ್ಟೋ ಕೈಗಳಲ್ಲಿ ಇನ್ನೂ ಓಡುತ್ತಿವೆ. ಹಿಂಬದಿ ತೆಗೆದು ಸರಿಮಾಡಲು ಬರುವಂತೆ ಅವನ್ನು ಮಾಡಿದ್ದರು.

ಕಾನೂನೂ ನಿಧಾನಕ್ಕೆ ಇತ್ತ ತಿರುಗುತ್ತಿದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ‘ರಿಪೇರಿ ಅಂಕ’ ನಮೂದಿಸಲೇಬೇಕು. ಭಾರತ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಜಾಲತಾಣ ತೆರೆಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಇನ್ನೊಂದೆಡೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಹೊಂದದ ಗಟ್ಟಿಮುಟ್ಟಾದ ಯಂತ್ರಗಳೂ ಮೂಲೆಗೆ ಬೀಳುವ ಸ್ಥಿತಿ. ಅಂಥವಕ್ಕೆ ಲಿನಕ್ಸ್ ಹಾಕಿದರೆ ಬರೆಯಲು, ಓದಲು, ಪ್ರೋಗ್ರಾಮಿಂಗ್ ಕಲಿಯಲು ಧಾರಾಳ ಸಾಕು.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಲಿ: ರ‍್ಯಾಮ್ ಸೇರಿಸಲು ಸ್ಲಾಟ್ ಇದೆಯೇ? ಎಸ್‌ಎಸ್‌ಡಿ ಬದಲಿಸಬಹುದೇ? ಬ್ಯಾಟರಿಯನ್ನು ಸ್ಕ್ರೂನಲ್ಲಿ ಕೂರಿಸಿದ್ದಾರೋ, ಅಂಟು ಹಾಕಿದ್ದಾರೋ? ಹಳೆಯದನ್ನು ಇಟ್ಟುಕೊಂಡವರು ಮೊದಲು ರಿಪೇರಿಯ ಖರ್ಚು ವಿಚಾರಿಸಲಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಮನೆಯಲ್ಲಿ ಒತ್ತಲು, ಚುಚ್ಚಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಗುಜರಿಗೂ ಹಾಕದೆ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ಕೊಡಿ.