40 ಪೌಂಡಿನ ಬಿಲ್ಲಿಗೆ ಜಿಂಕೆ ಬೀಳುತ್ತದೆಯೇ? ಸದಸ್ಯೆಯೊಬ್ಬರ ಪ್ರಶ್ನೆಗೆ ಉತ್ತರ



ತಾಳವಾಡಿ ಕಡೆಯ ಹಿರಿಯ ಸದಸ್ಯೆಯೊಬ್ಬರು ನಮ್ಮ ಸಂಘಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮಗ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕೆಲಸದಲ್ಲಿದ್ದಾನೆ. ಜೊತೆಯವರ ಒತ್ತಾಯಕ್ಕೆ ಒಂದು ಮರದ ಬಿಲ್ಲು ಕೊಂಡಿದ್ದಾನೆ, ಅಕ್ಟೋಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾನಂತೆ. "ಬಂದೂಕಾದರೆ ಒಂದೇ ಏಟಿಗೆ ಮುಗಿಯುತ್ತದೆ. ಇವನ ಬಿಲ್ಲು ಬರೀ 40 ಪೌಂಡಿನದಂತೆ. ಬಾಣ ನೆಟ್ಟುಕೊಂಡು ಆ ಮೂಕಪ್ರಾಣಿ ನರಳುತ್ತಾ ಓಡಿದರೆ ಆ ಪಾಪ ಯಾರಿಗೆ?" ಎಂದು ಆ ತಾಯಿ ಕೇಳಿದ್ದಾರೆ. ಬೇಟೆ ಬೇಕೇ ಬೇಡವೇ ಎಂಬುದು ಅವರವರ ಮನೆಯ ಮಾತು. ಆದರೆ ಬಿಲ್ಲಿನ ಬಗ್ಗೆ ಅವರು ಕೇಳಿರುವುದು ತೂಕದ ಪ್ರಶ್ನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಈ ಪೌಂಡಿನ ಲೆಕ್ಕ. 40 ಪೌಂಡಿನ ಬಿಲ್ಲು ಎಂದರೆ ಬಿಲ್ಲೇ ಅಷ್ಟು ಭಾರ ಎಂದಲ್ಲ. ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಬೆರಳುಗಳ ಮೇಲೆ ಬೀಳುವ ಭಾರ ಅದು. ಕಿಲೋದಲ್ಲಿ ಸುಮಾರು 18, ಅಂದರೆ ಬಾವಿಯಿಂದ ತುಂಬಿದ ದೊಡ್ಡ ಕೊಡವನ್ನು ಮೂರೇ ಬೆರಳಲ್ಲಿ ಎತ್ತಿ ಹಿಡಿದಷ್ಟು. ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ, ನಿಧಾನವಾಗಿ ಗುರಿ ಹಿಡಿಯಬಹುದು. ಸಾಂಪ್ರದಾಯಿಕ ಬಿಲ್ಲಿನಲ್ಲಿ ಆ ಅನುಕೂಲವಿಲ್ಲ. ಎಳೆದಷ್ಟೂ ಭಾರ ಹೆಚ್ಚುತ್ತಲೇ ಹೋಗುತ್ತದೆ.

ಇಲ್ಲೊಂದು ಮೋಸವಿದೆ. ಬಿಲ್ಲಿನ ಮೇಲೆ ಬರೆದಿರುವ ಸಂಖ್ಯೆ ಸಾಮಾನ್ಯವಾಗಿ 28 ಅಂಗುಲ ಎಳೆದಾಗಿನದು. ಎರಡೂ ಕೈ ಅಗಲಿಸಿ ಚಾಚಿದಾಗ ಸಿಗುವ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮ ಎಳೆತದ ಉದ್ದ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಮ್ಮವರಲ್ಲಿ ಐದೂವರೆ ಅಡಿ ಎತ್ತರದವರಿಗೆ ಅದು 26 ಅಂಗುಲದ ಆಸುಪಾಸು ಬರುತ್ತದೆ. ಒಂದು ಅಂಗುಲ ಕಡಿಮೆಯಾದರೆ ಎರಡರಿಂದ ಮೂರು ಪೌಂಡು ಕಡಿಮೆ. ಹಾಗಾಗಿ ಈ ಹುಡುಗನ ಕೈಯಲ್ಲಿ 40 ಪೌಂಡಿನ ಬಿಲ್ಲು ನಿಜಕ್ಕೂ 35 ಪೌಂಡಿನದೇ ಆಗಿರಬಹುದು. ಪೆನ್ಸಿಲ್ವೇನಿಯದಲ್ಲಿ ಜಿಂಕೆಗೆ ಕನಿಷ್ಠ 35 ಪೌಂಡು ಇರಲೇಬೇಕು ಎಂಬ ನಿಯಮವಿದೆ. ಅಂದರೆ ಅವನು ನಿಂತಿರುವುದು ಗೆರೆಯ ಮೇಲೇ. ಅಂಗಡಿಯಲ್ಲಿ ತೂಗುವ ತಕ್ಕಡಿ ಇರುತ್ತದೆ, ತನ್ನದೇ ಎಳೆತದಲ್ಲಿ ತೂಗಿಸಿ ನೋಡಲಿ. ಅಲಾಸ್ಕದಲ್ಲಾದರೆ ಜಿಂಕೆಗೆ 40, ಮೂಸ್ ಎಂಬ ದೈತ್ಯ ಪ್ರಾಣಿಗೆ 50 ಪೌಂಡು ಬೇಕು. ಕ್ಯಾಲಿಫೋರ್ನಿಯದವರು ಪೌಂಡಿನ ಗೊಡವೆಗೇ ಹೋಗದೆ, ಬಿಲ್ಲು ಬೇಟೆಯ ಬಾಣವನ್ನು 130 ಗಜ ದೂರಕ್ಕೆ ಎಸೆಯಬಲ್ಲದಾಗಿರಬೇಕು ಎಂದು ಬರೆದುಕೊಂಡಿದ್ದಾರೆ. ಇವೆಲ್ಲ ಆಗಾಗ ತಿದ್ದುಪಡಿಯಾಗುವ ನಿಯಮಗಳು, ಆಯಾ ವರ್ಷದ ಪುಸ್ತಿಕೆ ನೋಡಿಕೊಳ್ಳುವುದು ಕ್ಷೇಮ.

ಈಗ ಮುಖ್ಯ ಪ್ರಶ್ನೆ. ಇಷ್ಟು ಹಗುರ ಬಿಲ್ಲಿಗೆ ಜಿಂಕೆ ಸಾಯುತ್ತದೆಯೇ? ಸಾಯುತ್ತದೆ. ಆದರೆ ಬಂದೂಕಿನ ಹಾಗಲ್ಲ. 40 ಪೌಂಡಿನ ಬಿಲ್ಲಿನಿಂದ 26 ಗ್ರಾಂ ತೂಕದ ಬಾಣ ಸೆಕೆಂಡಿಗೆ ಸುಮಾರು 50 ಮೀಟರಿನಂತೆ ಹೊರಟರೆ ಅದರ ಶಕ್ತಿ 30ರಿಂದ 35 ಜೌಲ್. ಅಲ್ಲಿ ಜಿಂಕೆಗೆ ಬಳಸುವ ಸಾಮಾನ್ಯ ರೈಫಲ್ಲಿನ ಗುಂಡಿನದು 3000 ಜೌಲನ್ನೂ ದಾಟುತ್ತದೆ. ನೂರರಲ್ಲಿ ಒಂದು ಪಾಲು! ಗುಂಡು ಬಡಿದು ಕೆಡಹುತ್ತದೆ, ಬಾಣ ಕೊಯ್ಯುತ್ತದೆ. ಎರಡೂ ಶ್ವಾಸಕೋಶಗಳನ್ನು ಹರಿತವಾದ ಅಲಗು ಸೀಳಿ ಹೋದರೆ ರಕ್ತ ಸೋರಿ, ಮಿದುಳಿಗೆ ರಕ್ತ ನಿಂತು, ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಎಷ್ಟೋ ಸಲ ತನಗೇನಾಯಿತು ಎಂದು ಅದಕ್ಕೆ ಗೊತ್ತಾಗುವ ಮೊದಲೇ. ಅದೇ ಬಾಣ ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳಾಟ. ಆ ತಾಯಿಯ ಭಯ ಸುಳ್ಳಲ್ಲ. ಬಿಲ್ಲಿನ ಬಲಕ್ಕಿಂತ ಬಾಣ ಎಲ್ಲಿ ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹಗುರ ಬಿಲ್ಲಿನವರು ಮೊದಲು ಸರಿಮಾಡಿಕೊಳ್ಳಬೇಕಾದದ್ದು ಬಾಣವನ್ನು. ಹಗುರ ಬಾಣ ವೇಗವಾಗಿ ಹೋಗುತ್ತದೆ ನಿಜ, ಆದರೆ ಒಳಗೆ ಇಳಿಯುವ ಒತ್ತು ಅದಕ್ಕಿಲ್ಲ. ಭಾರದ ಬಾಣ ನಿಧಾನ, ಆದರೆ ಬಿಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಅದು ತಾನೇ ಹೊತ್ತೊಯ್ಯುತ್ತದೆ, ಬಿಲ್ಲು ಕಡಿಮೆ ಅದುರುತ್ತದೆ, ಸದ್ದೂ ಕಡಿಮೆ. ಎಡ್ ಆಶ್‌ಬಿ ಎಂಬವರು 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ, ಆಮೇಲೆ ಆಸ್ಟ್ರೇಲಿಯದ ಕಾಡೆಮ್ಮೆಗಳ ಮೇಲೆ ಬಾಣಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟವರು. ಅವರ ಪ್ರಕಾರ ಬಾಣ ಮುರಿಯದೆ, ಬಾಗದೆ ಉಳಿಯುವುದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಅದು ಓಲಾಡದೆ ನೆಟ್ಟಗೆ ಹಾರಬೇಕು. ಭಾರ ಮುಂದಿನ ತುದಿಯ ಕಡೆ ಇದ್ದರೆ ಒಳ್ಳೆಯದು. ದಪ್ಪ ಎಲುಬನ್ನು ಒಡೆದು ಹೋಗಬೇಕಾದರೆ ಬಾಣ 650 ಗ್ರೇನ್, ಅಂದರೆ ಸುಮಾರು 42 ಗ್ರಾಂ ಇರಬೇಕು ಎಂದು ಅವರು ಹೇಳುತ್ತಾರೆ. ಜಿಂಕೆಯ ಪಕ್ಕೆಲುಬಿಗೆ ಅಷ್ಟು ಬೇಕಾಗಿಲ್ಲ. 30 ಗ್ರಾಂ ಮೇಲಿದ್ದರೆ ಹಗುರ ಬಿಲ್ಲಿಗೆ ಅನುಕೂಲವೇ.

ಅಲಗಿನ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬಾರದು. ಹಾರುವಾಗ ಮುಚ್ಚಿಕೊಂಡಿದ್ದು, ಮೈಗೆ ತಾಗಿದಾಗ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಅಲಗುಗಳು ನೋಡಲು ಚೆಂದ. ಆದರೆ ಬಿಚ್ಚಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ! ಇರುವ 30 ಜೌಲಿನಲ್ಲಿ ಅದಕ್ಕೊಂದು ಪಾಲು ಕೊಟ್ಟರೆ ಒಳಗೆ ಹೋಗುವುದಕ್ಕೆ ಏನು ಉಳಿಯಿತು? ಹಗುರ ಬಿಲ್ಲಿಗೆ ಎರಡೇ ಬಾಯಿಯ, ಉದ್ದನೆಯ, ಕಿರಿದಾದ, ಅಲ್ಲಾಡದ ಅಲಗೇ ಸರಿ. ಅದನ್ನು ಮುಂಗೈ ಕೂದಲು ಬೋಳಿಸುವಷ್ಟು ಹರಿತ ಮಾಡಿಕೊಂಡಿರಬೇಕು. ಹರಿತವಿಲ್ಲದ ಅಲಗು ರಕ್ತನಾಳವನ್ನು ಕೊಯ್ಯುವ ಬದಲು ಪಕ್ಕಕ್ಕೆ ತಳ್ಳಿಬಿಡುತ್ತದೆ.

ಇದಕ್ಕೆ ಹಳೆಯ ಸಾಕ್ಷಿಯೂ ಉಂಟು. 1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿನ ಬಳಿ ಕಾಡಿನಿಂದ ಒಬ್ಬ ಮನುಷ್ಯ ಹೊರಬಂದ. ಯಾಹಿ ಎಂಬ ಮೂಲನಿವಾಸಿ ಜನರಲ್ಲಿ ಉಳಿದಿದ್ದ ಕೊನೆಯವನು. ತನ್ನ ಹೆಸರನ್ನು ಅವನು ಹೇಳಲಿಲ್ಲ. ಜನ ಅವನನ್ನು ಇಶಿ ಎಂದು ಕರೆದರು, ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದೇ ಅರ್ಥ. (ತನ್ನ ಮಾತು ಅರ್ಥವಾಗುವ ಒಬ್ಬನೂ ಈ ಲೋಕದಲ್ಲಿ ಉಳಿಯದಿದ್ದರೆ ಹೇಗಿರುತ್ತದೆ ಎಂದು ಗಡಿನಾಡಿನಲ್ಲಿ ಕೂತು ಯೋಚಿಸಿದರೆ ಎದೆ ಭಾರವಾಗುತ್ತದೆ.) ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನನ್ನು ಇರಿಸಿಕೊಂಡರು. ಅಲ್ಲಿನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆಯರಾಗಿ ಬಿಲ್ವಿದ್ಯೆ ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಅವನಿಂದ ಕಲಿತದ್ದನ್ನೆಲ್ಲ ಪೋಪ್ 1923ರಲ್ಲಿ ಪುಸ್ತಕ ಮಾಡಿದರು. ಅಮೆರಿಕದ ಇಂದಿನ ಬಿಲ್ಲುಬೇಟೆಯ ಹವ್ಯಾಸಕ್ಕೆ ಆ ಪುಸ್ತಕವೇ ದೊಡ್ಡ ಬುನಾದಿ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಜಿಂಕೆ ಬೇಟೆಯ ಕಾಲ ಗೊತ್ತುಮಾಡಿತು.

ಇಶಿಯ ಬಿಲ್ಲು ಗಿಡ್ಡ, ಎಳೆತ 50 ಪೌಂಡಿನೊಳಗೆ. ಅಲಗು ಕರಿಗಾಜಿನಂಥ ಜ್ವಾಲಾಮುಖಿ ಕಲ್ಲಿನದು. ಪೋಪ್ ಪರೀಕ್ಷೆ ಮಾಡಿ ನೋಡಿದಾಗ ಮೆತ್ತಗಿನ ಮಾಂಸದಲ್ಲಿ ಅದು ಉಕ್ಕಿನ ಅಲಗಿಗಿಂತಲೂ ಆಳಕ್ಕೆ ಇಳಿಯಿತು. ಆದರೆ ಇಶಿಯ ಬಲ ಇದ್ದದ್ದು ಬಿಲ್ಲಿನಲ್ಲಲ್ಲ. ಬೇಟೆಗೆ ಮುನ್ನ ಅವನು ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ, ಮೈ ತೊಳೆದು ಸುವಾಸನೆಯ ಎಲೆ ತಿಕ್ಕಿಕೊಳ್ಳುತ್ತಿದ್ದ. ಗಾಳಿಗೆ ಎದುರಾಗಿಯೇ ನಡೆಯುತ್ತಿದ್ದ. ತುಟಿಗಳ ನಡುವೆ ಎಲೆಯಿಟ್ಟು ಮರಿಯಂತೆ ಕೂಗಿ ಜಿಂಕೆಯನ್ನೇ ತನ್ನ ಬಳಿಗೆ ಕರೆಯುತ್ತಿದ್ದ, ಕುಕ್ಕರಗಾಲಲ್ಲಿ ಕೂತೇ ಬಾಣ ಬಿಡುತ್ತಿದ್ದ. ಪೋಪ್ ಮಾತ್ರ ಮುಂದೆ ಭಾರದ ಬಿಲ್ಲುಗಳ ಕಡೆಗೇ ಹೋದರು. ಕಾಡನ್ನು ಇಶಿಯಷ್ಟು ಹತ್ತಿರಕ್ಕೆ ಕರೆದುಕೊಳ್ಳಲಾಗದವರಿಗೆ ಅದೇ ದಾರಿ ಇರಬೇಕು.

ಹತ್ತಿರ ಎಂದರೆ ಎಷ್ಟು ಹತ್ತಿರ? ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 50 ಮೀಟರಿನ ಬಾಣ 20 ಗಜ ದಾಟಲು ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಬೇಕು. ಅಷ್ಟರಲ್ಲಿ ಅದು ಅರ್ಧ ಮೀಟರಿಗೂ ಮಿಕ್ಕಿ ಕೆಳಗೆ ಬಾಗುತ್ತದೆ. ಅದನ್ನು ಅಂದಾಜು ಮಾಡಿಯೇ ಸ್ವಲ್ಪ ಎತ್ತರಕ್ಕೆ ಬಿಡುವುದು. ಈಗ ಜಿಂಕೆ 20 ಗಜದಲ್ಲಿದೆ ಎಂದುಕೊಂಡು ಬಿಟ್ಟಿರಿ, ಅದು ನಿಜಕ್ಕೂ 25 ಗಜದಲ್ಲಿತ್ತು ಎನ್ನಿ. ಬಾಣ ಒಂದು ಗೇಣಿನಷ್ಟು ಕೆಳಗೆ ಬೀಳುತ್ತದೆ. ಬಿಳಿಬಾಲದ ಜಿಂಕೆಯ ಎದೆಯಲ್ಲಿ ಬಾಣ ಬೀಳಬೇಕಾದ ಜಾಗದ ಅಗಲವೂ ಹೆಚ್ಚುಕಡಿಮೆ ಒಂದು ಗೇಣೇ. ಐದು ಗಜದ ತಪ್ಪಿಗೆ ಎದೆ ತಪ್ಪಿ ಕಾಲು ಮುರಿಯುತ್ತದೆ.

ಸದ್ದಿನದು ಇನ್ನೊಂದು ತೊಡಕು. ಹೆದೆಯ ಸದ್ದು ಬಾಣಕ್ಕಿಂತ ಆರೇಳು ಪಟ್ಟು ಬೇಗ ಹೋಗಿ ಜಿಂಕೆಯ ಕಿವಿಗೆ ಮುಟ್ಟುತ್ತದೆ. ಜಿಂಕೆ ಓಡಲು ಮೊದಲು ಕಾಲು ಮಡಿಸಿ ತಗ್ಗುತ್ತದೆ, ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ ಅಥವಾ ಬೆನ್ನಿಗೆ ಗಾಯ ಮಾಡುತ್ತದೆ. ಅನುಭವಸ್ಥರು ಹಗುರ ಬಿಲ್ಲಿಗೆ 15 ಗಜ, ಬಹಳವಾದರೆ 20 ಗಜ ಎನ್ನುವುದು ಇದಕ್ಕೇ. ಅದೂ ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ನಮ್ಮ ಕಡೆಯ ಮುಂಗಾಲು ಮುಂದಿಟ್ಟಿದ್ದರೆ ಹೆಗಲ ಎಲುಬು ಅಡ್ಡ ಬರುವುದಿಲ್ಲ. ಎದುರಾಗಿ ನಿಂತ ಜಿಂಕೆಗೆ, ನಡೆಯುತ್ತಿರುವ ಜಿಂಕೆಗೆ, ಕಿವಿ ನಿಮಿರಿಸಿ ಬೆದರಿರುವ ಜಿಂಕೆಗೆ ಬಿಡಲೇಬಾರದು.

ಬಿಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಹಿಂದೆಯೇ ಓಡಿದರೆ ಗಾಯಗೊಂಡ ಜಿಂಕೆ ಮೈಲಿಗಟ್ಟಲೆ ಹೋಗಿಬಿಡುತ್ತದೆ. ಕನಿಷ್ಠ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಆಮೇಲೆ ಬಾಣ ನೋಡಬೇಕು. ನೊರೆ ನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಜಿಂಕೆ ಹತ್ತಿರದಲ್ಲೇ ಇದೆ. ಕಪ್ಪಾದ ರಕ್ತ ಯಕೃತ್ತಿನದು. ಹಸಿರು ಮಿಶ್ರಿತವಾಗಿ ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ. ಆಗ ಹಲವು ಗಂಟೆ ಬಿಟ್ಟು ಹೋಗಿ, ಸಿಗುವ ತನಕ ಹುಡುಕಲೇಬೇಕು.

ಆ ತಾಯಿ ಮಗನಿಗೆ ಹೇಳಬಹುದಾದದ್ದು ಇಷ್ಟು. ಅಲ್ಲಿ ಮೊದಲ ಸಲ ಪರವಾನಗಿ ಪಡೆಯುವವರು ಬೇಟೆಯ ತರಬೇತಿ ಮುಗಿಸಲೇಬೇಕು, ಅದನ್ನು ಶ್ರದ್ಧೆಯಿಂದ ಮುಗಿಸಲಿ. ಆಮೇಲೆ ತಿಂಡಿ ತಟ್ಟೆಯಷ್ಟು ಅಗಲದ ಗುರಿಯಿಟ್ಟು 15 ಗಜದಿಂದ ಬಾಣ ಬಿಡಲಿ. ಬೆಳಗ್ಗೆ ಚಳಿಯಲ್ಲಿ, ಬೇಟೆಯ ದಿನ ತೊಡುವ ದಪ್ಪ ಬಟ್ಟೆಯಲ್ಲೇ, ಕೈ ಬಿಸಿಯಾಗುವ ಮೊದಲು. ಕಾಡಿನಲ್ಲಿ ಸಿಗುವುದು ಆ ಮೊದಲ ಬಾಣ ಒಂದೇ, ಹತ್ತನೆಯದಲ್ಲ. ದಿನವೂ ಮೊದಲ ಬಾಣ ತಟ್ಟೆಗೆ ಬೀಳುವವರೆಗೆ ಈ ವರ್ಷದ ಬೇಟೆ ಬೇಡ. 50 ಪೌಂಡಿನ ಬಿಲ್ಲು ಕೊಂಡು ಕೈ ನಡುಗಿಸುವುದಕ್ಕಿಂತ 40 ಪೌಂಡನ್ನು ಅಲುಗದೆ ಹಿಡಿಯುವುದು ಮೇಲು.

ಇನ್ನು ನಮ್ಮ ಕಡೆಯ ಮಾತು. ವಯನಾಡಿನ ಸದಸ್ಯರಿಗೆ ಬಿಲ್ಲು ಹೊಸದೇನಲ್ಲ. 1802ರಲ್ಲಿ ಪನಮರಂ ಕೋಟೆಯಲ್ಲಿದ್ದ ಕಂಪನಿಯ ಪಡೆಯನ್ನು ತಲಕ್ಕಲ್ ಚಂದುವಿನ ಕುರಿಚ್ಯ ಬಿಲ್ಲಾಳುಗಳು ಬಗ್ಗುಬಡಿದದ್ದು ಅಲ್ಲಿನ ಮಕ್ಕಳಿಗೂ ಗೊತ್ತು. ಅಂಥ ಬೇಟೆಯ ಆಯುಧಗಳನ್ನು ಅಂಬಲವಯಲಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಈಗ ಜಿಂಕೆ ಬೇಟೆ ಅಪರಾಧ. ಗಡಿಯ ಈಚೆಗೂ ಅದೇ ಕಾನೂನು, ಆಚೆಗೂ ಅದೇ. ಉರುಳು ಒಡ್ಡುವುದೂ, ಕೊಲ್ಲಲು ಯತ್ನಿಸುವುದೂ ಅದರ ಪ್ರಕಾರ ಬೇಟೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೆ ಕಾಡಿನ ಹಲವು ಹಕ್ಕುಗಳನ್ನು ಕೊಟ್ಟಿತಾದರೂ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

ಮಗ ರಜೆಗೆ ಬರುವಾಗ ಬಿಲ್ಲು ತಂದರೆ ಹಿತ್ತಲಲ್ಲಿ ಹುಲ್ಲಿನ ಕಟ್ಟಿಗೆ ಗುರಿಯಿಟ್ಟು ಊರಿನ ಮಕ್ಕಳಿಗೂ ಕಲಿಸಲಿ, ಸಂತೋಷ. ಆದರೆ ತಾಳವಾಡಿಯ ಸುತ್ತ ಇರುವುದು ಸತ್ಯಮಂಗಲದ ಹುಲಿ ಕಾಡು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಡುವುದೇ ತಪ್ಪು, ಬಾಣ ಬಿಡಬೇಕೆಂದೇನೂ ಇಲ್ಲ. ಹೊಲದಂಚಿಗೆ ಜಿಂಕೆ ಬಂದಿದೆ ಎಂದು ಯಾರಾದರೂ ಕರೆದರೂ ಬಿಲ್ಲು ಮನೆಯಲ್ಲೇ ಇರಲಿ.